ಮೇಷ್ಟ್ರು ಮೊದಲು ಮರದ ಕೆಳಗೆ ಕೂರಲಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಶಾಲೆಯ ತೋಪಿನಲ್ಲಿ, ಮರಗಳ ನಡುವೆ ಪಾಠ ಮಾಡುವ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬೆಂಗಳೂರಿನ ಶಿಕ್ಷಕರಿಂದ ಸಾಕಷ್ಟು ಪತ್ರ ಬಂದಿವೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡು ಉತ್ತರ ಬರೆದಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮದು ಯಲಹಂಕದ ಆಚೆ ಇರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಶಾಲೆಯ ಹಿಂದೆ ಚಿಕ್ಕ ತೋಪಿದೆ. ಅರಣ್ಯ ಇಲಾಖೆಯವರು ಹಿಂದೆ ನೆಟ್ಟ ಹೊಂಗೆ, ಬೇವು, ನೇರಳೆ ಈಗ ಚೆನ್ನಾಗಿ ಬೆಳೆದಿವೆ. ಅಲ್ಲೇ ಪಾಠ ಮಾಡಿ ಎಂದು ಎಚ್ಎಂ ಹೇಳುತ್ತಾರೆ. ನಾನು ಬಿಎ ಓದಿದವಳು, ಅರ್ಧ ಮರಗಳ ಹೆಸರೇ ಗೊತ್ತಿಲ್ಲ. ಒಂದು ದಿನದ ತರಬೇತಿಗೂ ಹೋಗಿದ್ದೆ. ಹಾಲ್‌ನಲ್ಲಿ ಕೂರಿಸಿ, ಪರದೆ ಮೇಲೆ ಮರಗಳ ಚಿತ್ರ ತೋರಿಸಿ, ಊಟ ಹಾಕಿ ಕಳಿಸಿದರು. ಮಕ್ಕಳು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಏನು ಮಾಡಲಿ?

ಉತ್ತರ: ಮೊದಲು ಆ ಭಯ ಬಿಡಿ. ಹೆಸರು ಗೊತ್ತಿಲ್ಲ ಅನ್ನುವ ಕಾರಣಕ್ಕೇ ಎಷ್ಟೋ ಶಿಕ್ಷಕರು ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗುವುದಿಲ್ಲ. ಹೆಸರು ಬೇಕು, ಆದರೆ ಅದು ಮೊದಲನೇ ದಿನವೇ ಬೇಕಾಗಿಲ್ಲ. ಹೆಸರು ಹೇಳಿದ ತಕ್ಷಣ ಮಕ್ಕಳು ಮರವನ್ನು ನೋಡುವುದನ್ನೇ ನಿಲ್ಲಿಸುತ್ತಾರೆ, ಗಮನಿಸಿ ನೋಡಿ. 'ಇದು ಹೊಂಗೆ' ಅಂದರೆ ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಮರಕ್ಕೆ ಓಡುತ್ತಾರೆ.

ಅದೇ ಹೊಂಗೆಯ ಒಂದು ಎಲೆ ಕಿತ್ತು ಕೈಗೆ ಕೊಡಿ. ಸುಮ್ನೆ ನೋಡಲಿ. ಹೆಚ್ಚಿನ ಹೊಂಗೆ ಎಲೆಗಳು ಪೂರ್ತಿ ಹಸಿರಾಗಿರುವುದಿಲ್ಲ. ಕೆಲವದರ ಮೇಲೆ ಬಿಳಿ ಮಚ್ಚೆ ಇರುತ್ತದೆ. ಆ ಎಲೆಯನ್ನು ಬೆಳಕಿಗೆ ಹಿಡಿದರೆ ಮಚ್ಚೆಯ ಜಾಗದಲ್ಲಿ ಹಸಿರೇ ಇಲ್ಲ, ಎಲೆಯ ಮೇಲ್ಪದರ ತೆಳ್ಳಗೆ ಎದ್ದಿರುವುದು ಕಾಣುತ್ತದೆ. ಒಂದು ಪುಟ್ಟ ಪತಂಗದ ಮರಿಹುಳು ಎಲೆಯ ಎರಡು ಪದರಗಳ ನಡುವೆ ಇದ್ದುಕೊಂಡು ಹಸಿರನ್ನಷ್ಟೇ ತಿಂದಿದೆ. ಇನ್ನು ಕೆಲವು ಎಲೆಗಳ ಮೇಲೆ ಸಣ್ಣ ಸಣ್ಣ ಗಂಟುಗಳು ಎದ್ದಿರುತ್ತವೆ. ಅದು ನುಸಿಯ ಕೆಲಸ. ಕಣ್ಣಿಗೂ ಕಾಣದಷ್ಟು ಚಿಕ್ಕ ನುಸಿ ಮರದ ಕೈಯಲ್ಲೇ ತನಗೆ ಮನೆ ಕಟ್ಟಿಸಿಕೊಂಡಿದೆ! ಐದನೇ ತರಗತಿ ಮಕ್ಕಳಿಗೆ 'ಯಾರು ಯಾರನ್ನು ತಿನ್ನುತ್ತಾರೆ' ಎಂದು ಬೋರ್ಡಿನ ಮೇಲೆ ಬಾಣ ಹಾಕಿ ವಿವರಿಸುವುದಕ್ಕಿಂತ ಈ ಒಂದು ಎಲೆ ಸಾಕು. ಹತ್ತು ಎಲೆ ಆರಿಸಿ, ಎಷ್ಟರಲ್ಲಿ ಮಚ್ಚೆ, ಎಷ್ಟರಲ್ಲಿ ಗಂಟು ಎಂದು ಎಣಿಸಲಿ. ಕೆಳಗಿನ ಕೊಂಬೆಯಲ್ಲಿ ಜಾಸ್ತಿಯೋ, ಬಿಸಿಲಿನ ಕಡೆಯ ಕೊಂಬೆಯಲ್ಲಿ ಜಾಸ್ತಿಯೋ? ಅದರ ಉತ್ತರ ನಿಮಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಿಲ್ಲ. ಎಣಿಸಿದ ಮೇಲೆ ಮಕ್ಕಳೇ ಹೇಳುತ್ತಾರೆ.

'ಗೊತ್ತಿಲ್ಲ, ಬಾ ನೋಡೋಣ' ಎಂದು ಹೇಳುವ ಧೈರ್ಯ ಶಿಕ್ಷಕರಿಗೆ ಬರಬೇಕು. ಅದು ಹಾಲ್‌ನಲ್ಲಿ ಕೂತರೆ ಬರುವುದಿಲ್ಲ. ಈಜು ಕಲಿಯಲು ನೀರಿಗೆ ಇಳಿಯಲೇಬೇಕು, ಅಲ್ವಾ? ತರಬೇತಿ ಕೊಡುವವರು ಇದನ್ನು ಇನ್ನೂ ಸರಿಯಾಗಿ ಅರ್ಥ ಮಾಡಿಕೊಂಡಿಲ್ಲ ಎಂಬುದು ನನ್ನ ದೂರು.

ಹಾಗಾದರೆ ನೀವು ಏನು ಮಾಡಬೇಕು? ತೋಪಿನಲ್ಲಿ ಒಂದು ಮರ ಆರಿಸಿಕೊಳ್ಳಿ. ವಾರಕ್ಕೊಮ್ಮೆ, ಮಕ್ಕಳಿಲ್ಲದ ಹೊತ್ತಿನಲ್ಲಿ, ಒಬ್ಬರೇ ಹೋಗಿ ಕಾಲು ಗಂಟೆ ಅದರ ಕೆಳಗೆ ಕೂತುಕೊಳ್ಳಿ. ಫೋನು ಒಳಗಿರಲಿ. ಚಿಗುರು ಎಷ್ಟು, ಹಣ್ಣೆಲೆ ಎಷ್ಟು, ಹೂವಿದೆಯಾ, ಕಾಯಿದೆಯಾ, ಯಾವ ಇರುವೆ ಹತ್ತುತ್ತಿದೆ, ಬರೆದಿಡಿ. ಹೊಂಗೆ ಆದರೆ ಚಳಿಗಾಲ ಮುಗಿಯುವಾಗ ಎಲೆ ಉದುರಿಸಿ, ಬೇಸಿಗೆ ಶುರುವಾಗುವ ಹೊತ್ತಿಗೆ ಫಳಫಳ ಹೊಳೆಯುವ ತಿಳಿಹಸಿರು ಚಿಗುರು ತರುತ್ತದೆ, ಆಮೇಲೆ ಹೂವು. ಇದನ್ನು ಒಂದು ವರ್ಷ ಕಣ್ಣಾರೆ ನೋಡಿದವರು ಋತುಗಳ ಪಾಠವನ್ನು ಪುಸ್ತಕ ಮುಟ್ಟದೆ ಮಾಡಬಲ್ಲರು. ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆ ಇದನ್ನೇ ದೇಶದ ಎಷ್ಟೋ ಶಾಲೆಗಳಲ್ಲಿ ಮಾಡಿಸುತ್ತಿದೆ. ಒಂದೇ ಮರವನ್ನು ವಾರ ವಾರ ನೋಡಿ, ಎಲೆ, ಹೂವು, ಕಾಯಿ ಎಷ್ಟಿದೆ ಎಂದು ದಾಖಲಿಸುವುದು. ನೀವೂ ಸೇರಿಕೊಳ್ಳಬಹುದು.

ಇನ್ನೊಂದು ಮಾತು. ಹೊರಗಿನ ಪಾಠವನ್ನು ಒಬ್ಬರೇ ಮಾಡಬೇಡಿ. ನಿಮ್ಮ ಶಾಲೆಯ ಇನ್ನೊಬ್ಬ ಟೀಚರ್‌ಗೆ ಹೇಳಿ. ನೀವು ಹೊರಗೆ ಪಾಠ ಮಾಡುವಾಗ ಅವರು ಹಿಂದೆ ನಿಂತು ನೋಡಲಿ. ನಿಮ್ಮನ್ನಲ್ಲ, ಮಕ್ಕಳನ್ನು. ಯಾವ ಮಗು ಏನು ಹಿಡಿದುಕೊಂಡಿತ್ತು, ಯಾರು ಬೇಸರದಿಂದ ಕಲ್ಲು ಒದೆಯುತ್ತಿದ್ದರು, ತರಗತಿಯಲ್ಲಿ ಬಾಯಿ ಬಿಡದ ಹುಡುಗಿ ಹೊರಗೆ ಏನು ಕೇಳಿದಳು. ಮುಂದಿನ ವಾರ ಅವರ ಪಾಠ, ನೀವು ನೋಡುವುದು. ಇದಕ್ಕಿಂತ ಒಳ್ಳೆಯ ತರಬೇತಿ ನನಗೆ ಗೊತ್ತಿಲ್ಲ, ಇದಕ್ಕೆ ಯಾರ ಅನುದಾನವೂ ಬೇಕಾಗಿಲ್ಲ.

ಪ್ರಶ್ನೆ: ನಾನು ಕನ್ನಡ ಮೇಷ್ಟ್ರು. ಇದೆಲ್ಲ ವಿಜ್ಞಾನದವರ ಕೆಲಸ ಅಲ್ವಾ?

ಉತ್ತರ: ಖಂಡಿತ ಅಲ್ಲ ಸರ್. ಮಕ್ಕಳನ್ನು ತೋಪಿನಲ್ಲಿ ಒಬ್ಬೊಬ್ಬರನ್ನಾಗಿ ದೂರ ದೂರ ಕೂರಿಸಿ, ಐದು ನಿಮಿಷ ಕಣ್ಣು ಮುಚ್ಚಿ ಕೇಳಿಸಿದ್ದನ್ನೆಲ್ಲ ಬರೆಯಲು ಹೇಳಿ. ಎಲೆಯ ಸದ್ದಿಗೆ, ಅಳಿಲಿನ ಸದ್ದಿಗೆ, ದೂರದ ಬಸ್ಸಿನ ಸದ್ದಿಗೆ ಅವರ ಹತ್ತಿರ ಯಾವ ಪದವಿದೆ ಎಂದು ಹುಡುಕಲಿ. 'ನನ್ನ ಮೆಚ್ಚಿನ ಮರ' ಪ್ರಬಂಧಕ್ಕೆ ಗೈಡ್ ನೋಡಿ ಬರೆಯುವುದು ಆ ದಿನವೇ ನಿಲ್ಲುತ್ತದೆ. ಮನೆಯಲ್ಲಿ ಅಜ್ಜಿ ತಾತ ಇರುವ ಮಕ್ಕಳಿಗೆ ಇನ್ನೊಂದು ಕೆಲಸ ಕೊಡಿ. ಬೇವು, ಹುಣಸೆ, ಅತ್ತಿ ಬಗ್ಗೆ ಅವರ ಊರಲ್ಲಿ ಯಾವ ಗಾದೆ, ಯಾವ ಹಾಡು, ಯಾವ ಮದ್ದು ಇತ್ತು, ಕೇಳಿಕೊಂಡು ಬರಲಿ. ತಮಿಳು, ತೆಲುಗು, ಉರ್ದು, ಹಿಂದಿ ಮನೆಯ ಮಕ್ಕಳು ತಮ್ಮ ಭಾಷೆಯಲ್ಲಿ ಇರುವುದನ್ನೂ ತರಲಿ. ನಮ್ಮ ಬೆಂಗಳೂರಿನ ತರಗತಿಗಳಲ್ಲಿ ಇದು ಬಹಳ ಮುಖ್ಯ.

ಪ್ರಶ್ನೆ: ಕೆಂಗೇರಿಯ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಪೋರ್ಷನ್ ಮುಗಿಸುವುದೇ ಕಷ್ಟ. 40 ನಿಮಿಷದ ಪೀರಿಯಡ್‌ನಲ್ಲಿ 50 ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ, ಸುಮ್ಮನಿರಿಸಿ, ಪಾಠ ಮಾಡಿ, ವಾಪಸ್ ತರುವುದು ಆಗುವ ಮಾತಾ?

ಉತ್ತರ: ಆಗುತ್ತದೆ ಸರ್, ಆದರೆ ಮೊದಲ ಎರಡು ಸಲ ಪಾಠವನ್ನೇ ಇಟ್ಟುಕೊಳ್ಳಬೇಡಿ. ಆ ಎರಡು ಪೀರಿಯಡ್ ಬರೀ ಹೊರಗೆ ಹೋಗುವುದನ್ನು ಕಲಿಸಲು. ಹೊರಗೆ ಅಂದರೆ ಆಟ ಎಂದೇ ಮಕ್ಕಳಿಗೆ ಅಭ್ಯಾಸ. ಶಿಳ್ಳೆ ಊದಿದರೆ ಎಲ್ಲಿ ಸೇರಬೇಕು, ಯಾರು ಯಾರ ಗುಂಪು, ಎಲ್ಲಿಯವರೆಗೆ ಹೋಗಬಹುದು, ಇಷ್ಟು ಸಾಕು. ಐದೈದು ಮಕ್ಕಳ ಗುಂಪು ಮಾಡಿ. ಪ್ರತಿ ಗುಂಪಿಗೆ ಒಂದು ಮರ, ಒಂದು ಟೇಪು, ಒಂದು ಹಾಳೆ.

ಮಾಡಬೇಕಾದ ಕೆಲಸವನ್ನು ತರಗತಿಯೊಳಗೇ ಹೇಳಿ ಮುಗಿಸಿ ಆಮೇಲೆ ಹೊರಡಿ. ಹೊರಗೆ ನಿಮ್ಮ ದನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಅಲ್ಲಿ ಏನಾದರೂ ಹೇಳಲೇಬೇಕಾದರೆ ಬಿಸಿಲು ನಿಮ್ಮ ಮುಖಕ್ಕೆ ಬೀಳುವ ಹಾಗೆ ನಿಲ್ಲಿ. ಮಕ್ಕಳ ಕಣ್ಣಿಗೆ ಬಿಸಿಲು ಹೊಡೆದರೆ ಅವರು ನಿಮ್ಮನ್ನು ನೋಡುವುದೇ ಇಲ್ಲ. ಇಂಥವು ಚಿಕ್ಕ ವಿಷಯ, ಆದರೆ ಯಾವ ತರಬೇತಿ ಕೈಪಿಡಿಯಲ್ಲೂ ಬರೆಯುವುದಿಲ್ಲ.

ಪಾಠಕ್ಕೆ ಬನ್ನಿ. ಕಾಂಡದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಅಳೆಯುವುದು ಅರಣ್ಯ ಇಲಾಖೆಯವರ ರೂಢಿ. ಮಕ್ಕಳೂ ಅಲ್ಲೇ ಅಳೆಯಲಿ. ಸುತ್ತಳತೆಯಿಂದ ವ್ಯಾಸ ಕಂಡುಹಿಡಿಯಲು ಪೈ ಬೇಕೇ ಬೇಕು. ಕಾಂಡ ಸರಿಯಾದ ವೃತ್ತ ಅಲ್ವಲ್ಲ ಎಂದು ಒಬ್ಬ ಹುಡುಗ ಕೇಳಿಯೇ ಕೇಳುತ್ತಾನೆ. ಆ ಪ್ರಶ್ನೆ ಬಂದರೆ ಅರ್ಧ ಪಾಠ ಆದ ಹಾಗೆ.

ಎತ್ತರಕ್ಕೆ ಎಂಟನೇ, ಒಂಬತ್ತನೇ ತರಗತಿಯವರು ನೆರಳಿನ ದಾರಿ ಹಿಡಿಯಲಿ. ಒಂದು ಮೀಟರ್ ಕೋಲಿನ ನೆರಳು 80 ಸೆಂಟಿಮೀಟರ್ ಇದ್ದಾಗ ಮರದ ನೆರಳು 9.6 ಮೀಟರ್ ಇದ್ದರೆ ಮರದ ಎತ್ತರ 12 ಮೀಟರ್. ಒತ್ತಾಗಿರುವ ತೋಪಿನ ನಡುವೆ ಈ ಲೆಕ್ಕ ಕೆಲಸ ಮಾಡುವುದಿಲ್ಲ, ಏಕೆಂದರೆ ಯಾವ ನೆರಳು ಯಾವ ಮರದ್ದು ಎಂದೇ ಗೊತ್ತಾಗುವುದಿಲ್ಲ. ಅಂಚಿನ ಮರ ಆರಿಸಿ. ಹತ್ತನೇ ತರಗತಿಗೆ ತ್ರಿಕೋನಮಿತಿಯಲ್ಲಿ ಎತ್ತರ ಮತ್ತು ದೂರದ ಲೆಕ್ಕಗಳೇ ಇವೆ. ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಕಲ್ಲು ಕಟ್ಟಿದರೆ ಉಪಕರಣ ತಯಾರು. ಮರದ ತುದಿ 45 ಡಿಗ್ರಿಯಲ್ಲಿ ಕಾಣುವವರೆಗೆ ಹಿಂದೆ ಹಿಂದೆ ಸರಿಯುತ್ತಾ ಹೋಗಲಿ. ಅಲ್ಲಿಂದ ಮರದ ಬುಡದವರೆಗಿನ ದೂರಕ್ಕೆ ನೆಲದಿಂದ ತಮ್ಮ ಕಣ್ಣಿನ ಎತ್ತರ ಸೇರಿಸಿದರೆ ಮರದ ಎತ್ತರ. ಟ್ಯಾನ್ 45 ಎಂದರೆ ಒಂದು ಎಂದು ಬಾಯಿಪಾಠ ಮಾಡಿದ ಮಗುವಿಗೆ ಅದು ಯಾಕೆ ಒಂದು ಎಂದು ಕಾಲಿಗೇ ಗೊತ್ತಾಗುತ್ತದೆ.

ಪೋರ್ಷನ್ ಬಿಟ್ಟು ಹೊರಗೆ ಹೋಗಬೇಡಿ ಸರ್. ಪೋರ್ಷನ್‌ನಲ್ಲಿ ಇರುವುದನ್ನೇ ಹೊರಗೆ ತೆಗೆದುಕೊಂಡು ಹೋಗಿ. ಇದು ಒಂದು ಗೊತ್ತಾದರೆ ಸಮಯದ ಜಗಳ ಬಹಳ ಮಟ್ಟಿಗೆ ಮುಗಿಯುತ್ತದೆ.

ಪ್ರಶ್ನೆ: ನಮ್ಮದು ಜಯನಗರದ ಖಾಸಗಿ ಶಾಲೆ. ತೋಪು ಬಿಡಿ, ಮಣ್ಣಿನ ಅಂಗಳವೂ ಇಲ್ಲ. ನಾಲ್ಕು ಮಹಡಿ ಕಟ್ಟಡ, ಕೆಳಗೆ ಸಿಮೆಂಟು. ನಾವೇನು ಮಾಡೋಣ?

ಉತ್ತರ: ನಿಮ್ಮ ಹತ್ತಿರ ಲಾಲ್‌ಬಾಗ್ ಇದೆ! ಹೈದರಾಲಿ 1760ರಲ್ಲಿ ಶುರು ಮಾಡಿದ, ಈಗ 240 ಎಕರೆಯಷ್ಟು ಇರುವ ತೋಟ. ಅಲ್ಲಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಆ ಬಂಡೆಯ ಮೇಲೆ ಬೂದು, ಹಸಿರು, ಹಳದಿ ಕಲೆಗಳಂತೆ ಬೆಳೆದಿರುವ ಕಲ್ಲುಹೂವನ್ನು ಮಕ್ಕಳಿಗೆ ಭೂತಗನ್ನಡಿಯಲ್ಲಿ ತೋರಿಸಿ. ಬಂಡೆ ಮಣ್ಣಾಗುವುದು ಹೇಗೆ ಎಂಬ ಪಾಠ ಅಲ್ಲೇ ಇದೆ. ಆದರೆ ಪ್ರವಾಸದಂತೆ ವರ್ಷಕ್ಕೊಮ್ಮೆ ಹೋಗಿ ಫೋಟೋ ತೆಗೆಸಿಕೊಂಡು ಬರಬೇಡಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ ಮಾತ್ರ ಪ್ರಯೋಜನ.

ಅದಕ್ಕಿಂತಲೂ ಹತ್ತಿರದ್ದು ನಿಮ್ಮ ರಸ್ತೆಯ ಮರ. ಥರ್ಮಾಮೀಟರ್ ಹಿಡಿದು ಮಧ್ಯಾಹ್ನ ಎರಡು ಗಂಟೆಗೆ ಮಳೆಮರದ ನೆರಳಿನಲ್ಲಿ ಒಮ್ಮೆ, ನಿಮ್ಮ ಸಿಮೆಂಟಿನ ಅಂಗಳದಲ್ಲಿ ಒಮ್ಮೆ ಅಳೆಯಿರಿ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಜೊತೆಗಾರರು ಬೆಂಗಳೂರಿನ ರಸ್ತೆಗಳಲ್ಲೇ ಇದನ್ನು ಅಳೆದು 2013ರಲ್ಲಿ ಪ್ರಕಟಿಸಿದ್ದಾರೆ. ಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೂ ತಂಪು, ರಸ್ತೆಯ ಮೇಲ್ಮೈ 27.5 ಡಿಗ್ರಿವರೆಗೂ ತಂಪು. ನಿಮ್ಮ ಮಕ್ಕಳ ಅಳತೆ ಬೇರೆ ಬರಬಹುದು. ಯಾಕೆ ಬೇರೆ ಬಂತು ಎಂಬುದೇ ಆ ದಿನದ ಪಾಠ.

ಕುಂಡದಲ್ಲಿ ಒಂದು ನಿಂಬೆ ಗಿಡ, ಒಂದು ಕರಿಬೇವು ಇಡಿ. ನಿಂಬೆ ಚಿಟ್ಟೆ ಹುಡುಕಿಕೊಂಡು ಬರುತ್ತದೆ. ಅದರ ಮರಿಹುಳು ಮೊದಮೊದಲು ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ, ದೊಡ್ಡದಾದ ಮೇಲೆ ಎಲೆ ಹಸಿರು. ಯಾಕೆ ಹೀಗೆ ವೇಷ ಬದಲಿಸುತ್ತದೆ ಎಂದು ಮಕ್ಕಳನ್ನೇ ಕೇಳಿ.

ಪ್ರಶ್ನೆ: ಪೋಷಕರು ಹಾವು, ಹೆಜ್ಜೇನು ಎಂದು ಹೆದರುತ್ತಾರೆ. ಏನಾದರೂ ಆದರೆ ಜವಾಬ್ದಾರಿ ನನ್ನ ತಲೆಗೆ ಬರುತ್ತದೆ. (ಮುಖ್ಯ ಶಿಕ್ಷಕರು, ಆನೇಕಲ್ ಕಡೆ)

ಉತ್ತರ: ಭಯ ನ್ಯಾಯವಾದದ್ದೇ. ಮಕ್ಕಳು ಹೋಗುವ ಮುಂಚೆ ಅದೇ ದಿನ ಬೆಳಿಗ್ಗೆ ಒಬ್ಬರು ದೊಡ್ಡವರು ಜಾಗ ನೋಡಿ ಬರಬೇಕು. ಹೆಜ್ಜೇನು ಕಟ್ಟಿದ್ದರೆ ಆ ಕಡೆ ಹೋಗಲೇಬೇಡಿ. ಕಲ್ಲು, ಕಸ, ಒಣ ಸೌದೆ ರಾಶಿ ಹಾಕಿದ್ದರೆ ತೆಗೆಸಿ. ಕೂರುವ ಜಾಗ ಗುಡಿಸಿರಲಿ, ಆದರೆ ತೋಪನ್ನೆಲ್ಲ ಗುಡಿಸಿ ಎಲೆಗೆ ಬೆಂಕಿ ಹಚ್ಚಬೇಡಿ. ಪಾರ್ಥೇನಿಯಂ ಇದ್ದರೆ ಹೂ ಬಿಡುವ ಮುಂಚೆ, ಕೈಗವಸು ಹಾಕಿಕೊಂಡು ದೊಡ್ಡವರೇ ಕೀಳಬೇಕು. ಬರಿಗಾಲು ಬೇಡ. ಪೊಟರೆ, ಬಿಲಕ್ಕೆ ಕೈ ಹಾಕುವಂತಿಲ್ಲ. ಯಾವ ಮಗುವಿಗೆ ಅಲರ್ಜಿ, ಯಾರಿಗೆ ಆಸ್ತಮಾ ಎಂಬ ಪಟ್ಟಿ ನಿಮ್ಮ ಜೇಬಿನಲ್ಲಿ ಇರಲಿ. ಕಂಬಳಿಹುಳು ತಾಗಿದರೆ ಉಜ್ಜಬಾರದು, ಅಂಟು ಟೇಪ್ ಒತ್ತಿ ಕೂದಲು ತೆಗೆಯಬೇಕು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಕೂಡದು. ಮಗುವನ್ನು ಅಲುಗಾಡಿಸದೆ ಮಲಗಿಸಿ, 108ಕ್ಕೆ ಕರೆ ಮಾಡಿ, ವಿಷನಿರೋಧಕ ಇರುವ ಆಸ್ಪತ್ರೆಗೆ ಬೇಗ ಸೇರಿಸಬೇಕು. ಆ ಆಸ್ಪತ್ರೆ ಯಾವುದು ಎಂದು ಇವತ್ತೇ ವಿಚಾರಿಸಿಡಿ.

ನಮ್ಮ ಊರಿನಲ್ಲಿ ಹಾವಿಗಿಂತ ನನಗೆ ಜಾಸ್ತಿ ಭಯ ಇರುವುದು ಒಣ ಕೊಂಬೆಯದು. ಏಪ್ರಿಲ್, ಮೇ ತಿಂಗಳ ಗಾಳಿಮಳೆಯಲ್ಲಿ ಬೆಂಗಳೂರಿನಲ್ಲಿ ಎಷ್ಟು ಕೊಂಬೆ ಬೀಳುತ್ತವೆ ಎಂದು ನಿಮಗೇ ಗೊತ್ತು. ಗಾಳಿ ಎದ್ದರೆ ತಕ್ಷಣ ಒಳಗೆ. ಒಣಗಿದ ದೊಡ್ಡ ಕೊಂಬೆ ಇದ್ದರೆ ಪಾಲಿಕೆ ಅಥವಾ ಅರಣ್ಯ ಇಲಾಖೆಗೆ ಬರೆದುಕೊಡಿ. ಭಯಕ್ಕೆ ಮರವನ್ನೇ ಕಡಿಸುವ ಯೋಚನೆ ಬೇಡ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ.

ಪೋಷಕರನ್ನು ಒಂದು ದಿನ ಮಕ್ಕಳ ಜೊತೆ ತೋಪಿಗೆ ಕರೆಯಿರಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯನ್ನೇ ಅಲ್ಲಿ ಮಾಡಿ.

ಪ್ರಶ್ನೆ: ಒಂದು ಕಂಪನಿಯವರು ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ನಮ್ಮ ಶಾಲೆಯ ಖಾಲಿ ಜಾಗದಲ್ಲಿ ಮಿಯಾವಾಕಿ ಕಾಡು ಬೆಳೆಸಿಕೊಡುತ್ತಾರಂತೆ. ಒಪ್ಪಿಕೊಳ್ಳಬಹುದಾ?

ಉತ್ತರ: ಒಪ್ಪಿಕೊಳ್ಳಿ, ಆದರೆ ಮೊದಲು ಮಾತಾಡಿ. ಜಪಾನಿನ ಸಸ್ಯವಿಜ್ಞಾನಿ ಅಕಿರಾ ಮಿಯಾವಾಕಿ ರೂಪಿಸಿದ ಈ ವಿಧಾನದಲ್ಲಿ ಒಂದು ಚದರ ಮೀಟರ್‌ಗೆ ಮೂರು ನಾಲ್ಕು ಗಿಡ ನೆಡುತ್ತಾರೆ. ಎರಡು ಮೂರು ವರ್ಷದಲ್ಲಿ ಒಳಗೆ ಮಗು ಕಾಲಿಡಲೂ ಜಾಗ ಇರುವುದಿಲ್ಲ. ಹಕ್ಕಿಗಳಿಗೆ ಒಳ್ಳೆಯದು, ಪಾಠಕ್ಕೆ ಕಷ್ಟ. ಹಾಗಾಗಿ ಜಾಗವನ್ನೆಲ್ಲ ಅದಕ್ಕೆ ಕೊಡಬೇಡಿ. ಒಂದು ಮೂಲೆ ಸಾಕು. ಉಳಿದ ಕಡೆ ನೇರಳೆ, ಅತ್ತಿ, ಕಕ್ಕೆ, ಮುತ್ತುಗ, ನೆಲ್ಲಿ, ಬಿಲ್ವ ದೂರ ದೂರ ನೆಡಿಸಿ. ನಡುವೆ ಸುಮಾರು 8 ಮೀಟರ್ ಅಡ್ಡಳತೆಯ ಬಯಲು ಬಿಟ್ಟರೆ 40 ಮಕ್ಕಳು ಸುತ್ತ ಕೂರಬಹುದು. ಬೆಂಗಳೂರಿನ ಸುತ್ತಮುತ್ತಲ ಹಳ್ಳಿಗಳ ಗುಂಡುತೋಪುಗಳು ಇದ್ದದ್ದು ಹೀಗೆಯೇ. ಮಾವು, ಹಲಸು, ಹುಣಸೆ, ನೇರಳೆ, ಕೆಳಗೆ ಜನ ಕೂರುವಷ್ಟು ನೆರಳು. ನಿಮ್ಮ ಶಾಲೆಯ ಹತ್ತಿರ ಅಂಥದ್ದು ಉಳಿದಿದ್ದರೆ ಹೊಸ ಕಾಡಿಗಿಂತ ಮೊದಲು ಅದನ್ನು ಬಳಸಿ.

ಇನ್ನೂ ಎರಡು ವಿಷಯ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಮೊದಲ ಎರಡು ಮೂರು ಬೇಸಿಗೆ, ಅದರಲ್ಲೂ ರಜೆಯಲ್ಲಿ, ನೀರು ಯಾರು ಹಾಕುತ್ತಾರೆ? ಮತ್ತೆ, ಆ ಹಣದಲ್ಲಿ ಒಂದು ಪಾಲು ಶಿಕ್ಷಕರ ತರಬೇತಿಗೆ ಇಡುತ್ತಾರಾ? ಗಿಡಕ್ಕೆ ಹಣ ಸಿಗುತ್ತದೆ, ಹೆಸರಿನ ಫಲಕಕ್ಕೂ ಸಿಗುತ್ತದೆ, ಟೀಚರ್‌ಗೆ ಮಾತ್ರ ಸಿಗುವುದಿಲ್ಲ. ಇದು ನನಗೆ ನಿಜವಾಗಿ ಬೇಸರ ತರಿಸುವ ವಿಷಯ.

ಪ್ರಶ್ನೆ: ಅಮೆರಿಕದಲ್ಲಿ ಶಾಲೆಗಳಿಗೇ ಸ್ವಂತ ಕಾಡು ಇರುತ್ತದಂತೆ, ಶಿಕ್ಷಕರಿಗೆ ಅಲ್ಲೇ ತರಬೇತಿ ಕೊಡುತ್ತಾರಂತೆ. ನಿಜವಾ? ನಮ್ಮಲ್ಲಿ ಅಂಥದ್ದು ಸಾಧ್ಯವಾ? (ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ, ಬೆಂಗಳೂರು ದಕ್ಷಿಣ)

ಉತ್ತರ: ನಿಜ. ವಿಸ್ಕಾನ್ಸಿನ್ ರಾಜ್ಯದಲ್ಲಿ 1927ರಲ್ಲಿ ಇದಕ್ಕೆ ಕಾನೂನೇ ಬಂತು. ಮರುವರ್ಷ ಲಯೋನಾ ಮುಂತಾದ ಊರುಗಳಲ್ಲಿ ಮೊದಲ ಶಾಲಾ ಅರಣ್ಯಗಳು ಶುರುವಾದವು. ಅಲ್ಲಿನ ಉತ್ತರ ಭಾಗದ ಕಾಡುಗಳನ್ನು ಮರದ ವ್ಯಾಪಾರಕ್ಕೆ ಕಡಿದು ಬೋಳು ಮಾಡಿದ್ದರು. ಆ ನೆಲದಲ್ಲಿ ಮಕ್ಕಳ ಕೈಯಿಂದಲೇ ಮತ್ತೆ ಮರ ಬೆಳೆಸಿದರು. ಈಗ ಅಲ್ಲಿ 400ಕ್ಕೂ ಹೆಚ್ಚು ಶಾಲಾ ಅರಣ್ಯಗಳಿವೆ. ಸ್ಟೀವನ್ಸ್ ಪಾಯಿಂಟ್‌ನ ವಿಶ್ವವಿದ್ಯಾಲಯದಲ್ಲಿ ಲೀಫ್ ಎಂಬ ಕಾರ್ಯಕ್ರಮವಿದೆ. ಅದು ತರಗತಿವಾರು ಹೊರಾಂಗಣ ಪಾಠಗಳನ್ನು ಬರೆದು, ಶಿಕ್ಷಕರಿಗೆ ಅದನ್ನು ಕಲಿಸಿಕೊಡುತ್ತದೆ. ಕಾಡು ಮತ್ತು ಶಿಕ್ಷಕ ಎರಡನ್ನೂ ಒಟ್ಟಿಗೆ ಬೆಳೆಸಬೇಕು ಎಂದು ಅವರಿಗೆ ಗೊತ್ತಾಗಿದೆ. ನಮ್ಮಲ್ಲೂ 'ಮಗುವಿಗೊಂದು ಮರ, ಶಾಲೆಗೊಂದು ವನ' ಬಂತು, ಮಕ್ಕಳನ್ನು ಕಾಡಿಗೆ ಕರೆದೊಯ್ಯುವ 'ಚಿಣ್ಣರ ವನ ದರ್ಶನ' ಬಂತು, 2001ರಿಂದ ಇಕೋ ಕ್ಲಬ್‌ಗಳಿವೆ. ಮರ ನೆಟ್ಟೆವು, ಮಕ್ಕಳನ್ನು ಕರೆದುಕೊಂಡು ಹೋದೆವು. ಶಿಕ್ಷಕರನ್ನು ತಯಾರು ಮಾಡುವುದು ಬಾಕಿ ಇದೆ.

ಸರ್, ನೀವು ಸಿಆರ್‌ಪಿ, ನಿಮ್ಮ ಕೈಯಲ್ಲೇ ಇದೆ. ತಿಂಗಳ ಸಮಾಲೋಚನಾ ಸಭೆಯನ್ನು ತೋಪಿರುವ ಶಾಲೆಯಲ್ಲಿ ಇಡಿ. ಬೆಳಿಗ್ಗೆ ಮೊದಲ ಗಂಟೆ ಶಿಕ್ಷಕರೇ ಮಕ್ಕಳಾಗಿ ಕೂರಲಿ, ಎಲೆ ಎಣಿಸಲಿ, ಮರ ಅಳೆಯಲಿ, ಒದ್ದೆ ನೆಲದಲ್ಲಿ ಕೂತು ಬರೆಯಲಿ. ಹಾಗೆ ಮಾಡಿದಾಗ ಎಲ್ಲಿ ಗೊಂದಲ, ಎಲ್ಲಿ ಬೇಸರ ಎಂದು ಅವರಿಗೇ ಗೊತ್ತಾಗುತ್ತದೆ. ಆಮೇಲೆ ಮರದ ಕೆಳಗೇ ಕೂತು, ಮುಂದಿನ ಹದಿನೈದು ದಿನದಲ್ಲಿ ಮಾಡಬೇಕಾದ ಒಂದು ಪಾಠವನ್ನು ತಂತಮ್ಮ ಪಠ್ಯಪುಸ್ತಕದಿಂದ ಆರಿಸಿ, ಹೊರಗೆ ಹೇಗೆ ಮಾಡುವುದು ಎಂದು ಇಬ್ಬಿಬ್ಬರು ಸೇರಿ ಬರೆಯಲಿ. ಮುಂದಿನ ಸಭೆಯಲ್ಲಿ ಅದನ್ನು ಮಾಡಿ ಏನಾಯಿತು ಎಂದು ಹೇಳಲಿ. ಆಗಲಿಲ್ಲ ಎಂದವರ ಮಾತನ್ನು ಮೊದಲು ಕೇಳಿ. ಸಸ್ಯಶಾಸ್ತ್ರ ಬಲ್ಲವರು ಒಬ್ಬರು ಸಿಕ್ಕರೆ ಮೂರನೇ ಸಭೆಗೆ ಕರೆಯಿರಿ, ಮೊದಲನೆಯದಕ್ಕೆ ಬೇಡ. ಅಷ್ಟರಲ್ಲಿ ಶಿಕ್ಷಕರ ಹತ್ತಿರ ಕೇಳಲು ಪ್ರಶ್ನೆಗಳು ಇರುತ್ತವೆ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ತರಬೇತಿ ಇರಬೇಕು ಎನ್ನುತ್ತದೆ, ಅದೂ ಅವರವರ ಆಸಕ್ತಿಗೆ ತಕ್ಕಂತೆ. ಸಿಬಿಎಸ್ಇ ಶಾಲೆಗಳು ಆ ಲೆಕ್ಕ ಇಡುತ್ತವೆ. ಅಲ್ಲಿನ ಶಿಕ್ಷಕರು ಈ ಗಂಟೆಗಳಲ್ಲಿ ಹತ್ತನ್ನಾದರೂ ತೋಪಿನಲ್ಲಿ ಕಳೆಯಲು ಆಡಳಿತ ಮಂಡಳಿಯನ್ನು ಕೇಳಿ. ಸರ್ಕಾರಿ ಶಾಲೆಯವರು ಡಯಟ್‌ಗೆ (ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಗೆ) ಕ್ಲಸ್ಟರ್‌ನಿಂದಲೇ ಒಂದು ಮನವಿ ಬರೆಯಿರಿ. ತರಬೇತಿಯನ್ನು ನಮ್ಮ ಶಾಲೆಯ ತೋಪಿನಲ್ಲೇ ಕೊಡಿ, ಒಂದೇ ದಿನದಲ್ಲಿ ಮುಗಿಸಬೇಡಿ, ವರ್ಷದಲ್ಲಿ ಮೂರು ಸಲ, ಮಳೆಗಾಲ, ಚಳಿಗಾಲ, ಬೇಸಿಗೆ ಶುರುವಾಗುವಾಗ ಬನ್ನಿ ಎಂದು. ಹಲವು ಶಾಲೆಯವರು ಸಹಿ ಹಾಕಿದ ಮನವಿಗೆ ತೂಕ ಇರುತ್ತದೆ.

ನಿಮ್ಮ ಕ್ಲಸ್ಟರ್‌ನ ಶಿಕ್ಷಕರು ಬರೆದ ಪಾಠಗಳಲ್ಲಿ ಚೆನ್ನಾಗಿ ನಡೆದದ್ದನ್ನೂ, ನಡೆಯದೇ ಹೋದದ್ದನ್ನೂ ನಮಗೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಇದೇ ಜಾಗದಲ್ಲಿ ಹಾಕುತ್ತೇವೆ.